ಮಗಳು ಕೊಟ್ಟ ಹೇಳಿಕೆ

ಮಾರ್ಚ್ 3, ಸೋಮವಾರ

ಅಣ್ಣಾ,

ಒಂದು ಸಂಗತಿಯನ್ನು ಈ ಪತ್ರದಲ್ಲಿ ಬರೆಯದೇ ಬಿಡುವವಳಿದ್ದೆ. ಶನಿವಾರ ಅಮ್ಮ ನನ್ನ ಮುಖಕ್ಕೆ ಉಗಿದಳು. ಬರೆದಾಯಿತು. ಇನ್ನು ಉಳಿದದ್ದನ್ನು ಹೇಗಾದರೂ ಹೇಳಬಹುದು.

ಶುಕ್ರವಾರ ಸಂಜೆ ಕೋರ್ಟು ಮುಗಿಸಿ ನೇರ ಅವಳ ಮನೆಗೆ ಹೋಗಿದ್ದೆ. ಸ್ವಲ್ಪ ಸಪ್ಪಗಿದ್ದಳು, ಚಹಾ ಬೇಡವೆಂದಳು. ಆದರೆ ಪದಬಂಧದಲ್ಲಿ ನಾನು ತುಂಬಿದ್ದ ಉತ್ತರವೊಂದನ್ನು ಹೊಡೆದುಹಾಕಿ, "ಇಷ್ಟು ಓದಿ ಇದೇನೇ ನೀನು ಬರ್ದಿರೋದು?" ಎಂದು ನಕ್ಕಳು. ಶನಿವಾರ ಬೆಳಗ್ಗೆ ಹತ್ತಕ್ಕೆ ಹೋದರೆ, ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಗೋಡೆಗೆ ಕಾಣದ ತಂತಿಗಳನ್ನು ಸಿಕ್ಕಿಸುತ್ತಿದ್ದಳು, ಕೀಳುತ್ತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾಗಿ ಇಪ್ಪತ್ಮೂರು ವರ್ಷವಾಯಿತು. "ಲೈನಲ್ಲಿರಿ. ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಗೋಡೆಯನ್ನು ಕೇಳುತ್ತಿದ್ದಳು. ನನ್ನನ್ನು ನೋಡಿ, "ಬಂದ್ಯಾ, ಹೊಸ ಹುಡ್ಗಿ? ಅರ್ಧ ಗಂಟೆ ಲೇಟು. ನೀನು ಕೂರದೆ ನಾನು ಹೇಗೆ ಏಳ್ಲಿ?" ಎಂದಳು. ತೋಳು ಹಿಡಿದು ಎಬ್ಬಿಸಲು ಹೋದಾಗ ಉಗಿದಳು.

ಇವತ್ತು ಚಿಕಿತ್ಸಾಲಯಕ್ಕೆ ಕರೆದೊಯ್ದೆ. ಡಾಕ್ಟರು ನಮಗೆ ಕೊಟ್ಟದ್ದು ಆರು ನಿಮಿಷ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು.

"ವಯಸ್ಸೆಷ್ಟು?"

"ಎಂಬತ್ತೊಂದು."

"ಮತ್ತಿನ್ನೇನು ಮೇಡಂ? ಯಂತ್ರ ಹಳೇದಾಯ್ತು."

ಅವಳ ಎದುರಿಗೇ ಹಾಗೆಂದರು. ಅಮ್ಮನ ಮೈ ಮುಟ್ಟಲಿಲ್ಲ, ನಾಲಿಗೆ ತೆಗೆಸಿ ನೋಡಲಿಲ್ಲ. ಒಂದೆರಡು ಪ್ರಶ್ನೆ ಕೇಳಿದರು, ನಾನು ಉತ್ತರಿಸಿದೆ, ಅವರು ಬರೆದುಕೊಂಡರು. ಇದು ಮರೆವಿನ ಕಾಯಿಲೆ, ಇನ್ನು ಒಬ್ಬಳೇ ಇರುವಂತಿಲ್ಲ ಎಂದು ಪ್ರಮಾಣಪತ್ರ ಕೊಟ್ಟರು. ಮೆದುಳು ಮಂಕಾದವರಿಗೆಂದೇ ಒಂದು ಆರೈಕೆ ಮನೆ ಇದೆಯಂತೆ. ಶುಕ್ರವಾರದವರೆಗೆ ಒಂದು ಹಾಸಿಗೆ ನಮಗಾಗಿ ಕಾದಿರುತ್ತದೆ. ಮಕ್ಕಳಲ್ಲಿ ಒಬ್ಬರ ಸಹಿ ಸಾಕು.

ನಿನ್ನನ್ನು ಕೇಳದೆ ಸಹಿ ಮಾಡಲು ಮನಸ್ಸಿಲ್ಲ. ಫೋನು ಮಾಡಬಹುದಿತ್ತು ಅನ್ನುತ್ತೀಯೇನೋ, ಅನ್ನಲಿಕ್ಕಿಲ್ಲ. ಮುಖ್ಯವಾದದ್ದನ್ನು ತಂತಿಯ ಮೇಲೆ ಹೇಳಬಾರದು, ಮಧ್ಯೆ ಒಬ್ಬಳು ಕೂತು ಕೇಳಿಸಿಕೊಳ್ಳುತ್ತಿರುತ್ತಾಳೆ ಎಂದು ನಮ್ಮಿಬ್ಬರನ್ನೂ ಬೆಳೆಸಿದವಳು ಆ ಮಧ್ಯೆ ಕೂತವಳೇ. ಮೇಲಾಗಿ ನಿನ್ನ ಕುರಿ ಸಾಕಣೆ ಕೇಂದ್ರದಲ್ಲಿ ಸಿಗ್ನಲ್ ಹುಡುಕಿ ಎರಡು ಗುಡ್ಡ ಹತ್ತಬೇಕು. ಕೂಡಲೇ ಬರೆ.

ನಿನ್ನ ತಂಗಿ

*

ಮಾರ್ಚ್ 4, ಮಂಗಳವಾರ

ಗುಬ್ಬೀ,

ಬದುಕಿದ್ದೀಯಾ? ಮೂರು ವಾರದಿಂದ ನಿನ್ನ ಪತ್ರವಿಲ್ಲ. ಇಲ್ಲಿ ಕುರಿಗಳು ಮರಿ ಹಾಕುವ ಕಾಲ. ನಾನೂರು ಕುರಿ, ನಾನೊಬ್ಬನೇ ಡಾಕ್ಟರು, ಆ ಡಾಕ್ಟರಿಗೆ ಎರಡೇ ಕೈ. ನಿನ್ನೆ ಒಂದು ತಾಯಿ ಕುರಿ ನನ್ನ ಮೊಣಕಾಲಿಗೆ ಹಾಯ್ದು, ಆಮೇಲೆ ನನ್ನನ್ನೇ ಅಪರಾಧಿಯ ಹಾಗೆ ನೋಡಿತು. ಅಮ್ಮನ ನೆನಪಾಯಿತು.

ಅಂದ ಹಾಗೆ ಅವಳ ಪತ್ರ ನಿನ್ನೆ ಬಂತು. ಫೆಬ್ರವರಿ 26ರಂದು ಬರೆದದ್ದು. ನಾಲ್ಕು ಪುಟ, ಒಂದು ಅಕ್ಷರ ಗೆರೆ ತಪ್ಪಿಲ್ಲ. ಹೋದ ಪತ್ರದಲ್ಲಿ ನಾನು ಒಂದೇ ಸುದ್ದಿಯನ್ನು ಎರಡು ಸಲ ಬರೆದಿದ್ದೆನಂತೆ, "ನಿನಗೆ ಅರುಳು ಮರುಳು ಶುರುವಾಯಿತೇನೋ" ಎಂದು ಕೇಳಿದ್ದಾಳೆ. ಕೊನೆಗೆ ಒಂದು ಗುಟ್ಟನ್ನೂ ಬರೆದಿದ್ದಾಳೆ. ನಿನಗೆ ಹೇಳಬಾರದಂತೆ, ನೀನು ಸುಮ್ಮನೆ ಗಾಬರಿ ಬೀಳುತ್ತೀಯಂತೆ. ದೊಡ್ಡದೇನಲ್ಲ ಬಿಡು. ಅವಳು ಹೇಳಬೇಡ ಅಂದದ್ದನ್ನು ಹೇಳಿ ಬೈಸಿಕೊಳ್ಳುವ ವಯಸ್ಸು ನನ್ನದಲ್ಲ.

ಏಪ್ರಿಲ್ ನಡುವೆ ರಜೆ ಸಿಗುತ್ತದೆ. ಬರುತ್ತೇನೆ.

ಅಣ್ಣ

*

ಮಾರ್ಚ್ 8, ಶನಿವಾರ

ಅಣ್ಣಾ,

ನಿನ್ನ ಉತ್ತರ ಬರಲಿಲ್ಲ. ನಿನ್ನೆ ನಾನು ಸಹಿ ಮಾಡಿದೆ.

ಐದು ದಿನ ಅವಳ ಮನೆಯಲ್ಲೇ ಇದ್ದೆ. ಒಲೆಯ ಮೇಲೆ ಖಾಲಿ ಪಾತ್ರೆ, ನೆಲದ ಮೇಲೆ ಬಟ್ಟೆ, ಒದ್ದೆಯಾದ ಹಾಸಿಗೆ. ನನ್ನನ್ನು ಕಳ್ಳಿ ಎಂದಳು, ಮೇಲಧಿಕಾರಿಯ ಚಾಡಿಕೋರಿ ಎಂದಳು. ಬುಧವಾರ ಹೊರಬಾಗಿಲು ತೆಗೆದು, ಮೂರು ಮಹಡಿ ಇಳಿದು, ಬರಿಗಾಲಲ್ಲಿ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಕೆಳಮನೆಯ ದರ್ಜಿ ಕರೆತಂದ. "ಏನ್ರೀ, ಅಮ್ಮಾವ್ರು ಡ್ಯೂಟಿಗೆ ಹೊರಟಿದ್ರು," ಎಂದ. ಅವನಿಗೆ ತಮಾಷೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ನನ್ನನ್ನು ನಾನು ಸಮರ್ಥಿಸಿಕೊಳ್ಳಲು. ಅದು ನನಗೇ ಕಾಣುತ್ತಿದೆ.

ಆರೈಕೆ ಮನೆ ಸ್ವಚ್ಛವಾಗಿದೆ. ಉದ್ದನೆಯ ಮೊಗಸಾಲೆ, ಎರಡೂ ಬದಿಗೆ ಹಸಿರು ಬಾಗಿಲು. ಅಮ್ಮನ ಬಾಗಿಲಿಗೆ ಒಳಗಿನಿಂದ ಹಿಡಿಕೆ ಇಲ್ಲ, ಹೊರಗಿನಿಂದ ಮಾತ್ರ. ಮೇಲ್ವಿಚಾರಕಿ ಅದನ್ನು ಸೌಕರ್ಯವೆಂಬಂತೆ ತೋರಿಸಿದಳು. ಸಂಜೆ ನಾಲ್ಕಕ್ಕೆ ಸಹಾಯಕಿ ಬಂದು ನೀರಿನ ಹೂಜಿ ಎತ್ತಿಕೊಂಡಳು.

"ಯಾಕೆ?"

"ನಾಲ್ಕರ ಮೇಲೆ ನೀರಿಲ್ಲ ಮೇಡಂ. ಇಲ್ಲಾಂದ್ರೆ ಹಾಸಿಗೆ ಬದಲಾಯ್ಸೋರು ಯಾರು?"

ನಾನು ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ, ಸರಿಯೆಂದೇ ಅನ್ನಿಸಿತು. ಅಮ್ಮನೂ ಮೊದಲಿನಿಂದ ಹಾಗೆಯೇ ಅಲ್ಲವೇ? ಎಕ್ಸ್‌ಚೇಂಜಿನಲ್ಲಿ ಪಾಳಿ ಬದಲಿಸುವವಳು ಬಂದು ಕೂರುವವರೆಗೆ ಬೋರ್ಡು ಬಿಟ್ಟು ಏಳುವಂತಿರಲಿಲ್ಲ. ಎಂಟು ಗಂಟೆ ಗುಟುಕು ನೀರಿಲ್ಲದೆ ಕೂರುವುದನ್ನು ಕಲಿತಳು. ನಿವೃತ್ತಿಯ ಮೇಲೂ ಬಿಡಲಿಲ್ಲ. ಮದುವೆ ಮನೆಗೆ, ಆಸ್ಪತ್ರೆಗೆ, ಎಲ್ಲಿಗೆ ಹೊರಟರೂ ಹಿಂದಿನ ಸಂಜೆಯಿಂದಲೇ ಲೋಟ ಮಗುಚಿ ಇಡುವವಳು. ನಾವು ಅದನ್ನು ಶಿಸ್ತು ಎಂದು ಹೊಗಳಿಕೊಂಡು ಬಂದೆವು.

ಸಹಿ ಮಾಡಿದ ಮೇಲೆ ಕಾಗದದ ಹಿಂಬದಿ ಓದಿದೆ. ಒಂದು ತಿಂಗಳೊಳಗೆ ಯಾರೂ ತಕರಾರು ಸಲ್ಲಿಸದಿದ್ದರೆ ಇದು ಕಾಯಂ. ಎಂದರೆ ಏಪ್ರಿಲ್ 7. ಆಮೇಲೆ ನಿವೃತ್ತ ನೌಕರರ ವಸತಿಯಲ್ಲಿರುವ ಅವಳ ಎರಡು ಕೋಣೆಯ ಮನೆಯನ್ನು ಇಲಾಖೆ ವಾಪಸು ಪಡೆಯುತ್ತದೆ. ನಾನು ಹೊರಡುವಾಗ ಅಮ್ಮ ನನ್ನ ಕೈ ಹಿಡಿದು, ತುಂಬ ಮರ್ಯಾದೆಯಿಂದ, "ನನ್ನ ಪಾಳಿ ಮುಗಿದಿದ್ಯಾ? ಒಂದ್ಸಲ ವಿಚಾರಿಸ್ತೀರಾ?" ಎಂದಳು.

ನಿನಗೆ ಕುರಿಗಳಿವೆ. ಗೊತ್ತು.

ತಂಗಿ

*

ಮಾರ್ಚ್ 10, ಸೋಮವಾರ

ಗುಬ್ಬಿ,

ನಿನ್ನ ಮೂರನೇ ತಾರೀಕಿನ ಪತ್ರ ಇವತ್ತು ಬೆಳಗ್ಗೆ ಸಿಕ್ಕಿತು. ಓದಿದ ಕೂಡಲೇ ಗಾಡಿ ಹತ್ತಿ ಅಂಚೆ ಕಚೇರಿಗೆ ಹೋಗಿ ನಿನಗೆ ಫೋನು ಮಾಡಿದೆ. ಆಗ ಹೇಳಿದ್ದು ಒಂದೇ ಮಾತು: ಇವತ್ತೇ ಮೂತ್ರ ಪರೀಕ್ಷೆ ಮಾಡಿಸು. ನೀನು "ಯಾಕೆ?" ಎಂದೆ, ನಾನು "ಪತ್ರ ಬರೀತೀನಿ" ಎಂದು ಇಟ್ಟುಬಿಟ್ಟೆ. ನಮ್ಮ ಮನೆಯ ಹುಚ್ಚು ನೋಡು, ಅಂಚೆಯವನು ಪಕ್ಕದಲ್ಲಿ ನಿಂತಿದ್ದಾನೆ ಎಂದು ಹೆತ್ತ ತಾಯಿಯ ಕಾಯಿಲೆಯನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ.

ಯಾಕೆ ಎಂದರೆ, ಗುಟ್ಟು ಅದೇ. ಅವಳ ಪತ್ರದ ಕೊನೆಯ ಸಾಲನ್ನು ಇಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ: "ಎರಡು ದಿನದಿಂದ ಮೂತ್ರಕ್ಕೆ ಹೋದರೆ ಉರಿ, ಕೆಳಹೊಟ್ಟೆ ನೋವು, ಸ್ವಲ್ಪ ಚಳಿಯೂ ಇದೆ. ತಂಗಿಗೆ ಹೇಳಬೇಡ." ಇದನ್ನು ಓದಿ ನಾನು ಏನು ಮಾಡಿದೆ ಗೊತ್ತೇ? ನಿನಗೆ ತಮಾಷೆಯ ಪತ್ರ ಬರೆದೆ.

ನನ್ನ ಹತ್ತಿರ ಮುದಿ ನಾಯಿಗಳನ್ನು ತರುತ್ತಾರೆ. ನಿನ್ನೆಯವರೆಗೆ ಚೆನ್ನಾಗಿದ್ದ ನಾಯಿ ಇವತ್ತು ಯಜಮಾನನಿಗೇ ಹಲ್ಲು ಕಿರಿಯುತ್ತಿದೆ, ಒಳಗೇ ಒದ್ದೆ ಮಾಡುತ್ತಿದೆ ಎನ್ನುತ್ತಾರೆ. ಅದಕ್ಕೆ ವಯಸ್ಸಾಯಿತು ಎಂದು ನಾನು ಹೇಳುವುದಿಲ್ಲ. ಜ್ವರ ನೋಡುತ್ತೇನೆ, ಹೊಟ್ಟೆ ಒತ್ತಿ ನೋಡುತ್ತೇನೆ, ಮೂತ್ರ ನೋಡುತ್ತೇನೆ. ಸಂಬಳಕ್ಕೆ ದುಡಿಯುವ ಒಬ್ಬ ಕುರಿ ಡಾಕ್ಟರು ನಾಯಿಗೆ ಮಾಡುವಷ್ಟನ್ನು ನಿನ್ನ ಆ ಮಹಾನುಭಾವ ನನ್ನ ತಾಯಿಗೆ ಮಾಡಲಿಲ್ಲ! ಯಂತ್ರವಂತೆ ಯಂತ್ರ. ಯಂತ್ರವಾದರೂ ಮುಚ್ಚಳ ಬಿಚ್ಚಿ ನೋಡಬೇಕಲ್ಲ?

ಸಹಿ ಮಾಡಬೇಡ.

ಅಣ್ಣ

*

ಮಾರ್ಚ್ 14, ಶುಕ್ರವಾರ

ಅಣ್ಣಾ,

ಸಹಿ ಮಾಡಬೇಡ ಎಂಬ ನಿನ್ನ ಮಾತು ಸಹಿ ಮಾಡಿದ ಏಳು ದಿನಕ್ಕೆ ಬಂದು ಸೇರಿದೆ. ನಿನ್ನ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಅಳೆದು ತೂಗಿ ಬರೆಯಲಾರೆ. ಆ ಒಂದು ಸಾಲನ್ನು ನಾಲ್ಕನೇ ತಾರೀಕಿನ ಪತ್ರದಲ್ಲಿ ಬರೆದಿದ್ದರೂ ಸಾಕಿತ್ತು. ಅಮ್ಮನ ಗುಟ್ಟು ಕಾಪಾಡಿದೆಯಂತೆ! ಗುಟ್ಟು ಉಳಿಯಿತು, ಅಮ್ಮ ಬಾಗಿಲಿನ ಹಿಂದೆ ಹೋದಳು.

ಸೋಮವಾರ ನಿನ್ನ ಫೋನು ಬಂದ ಮೇಲೆ ಕಾರಣ ಗೊತ್ತಿಲ್ಲದೆಯೇ ಹೋದೆ. ಮೇಲ್ವಿಚಾರಕಿ ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದಳು.

"ಮೂತ್ರ ಪರೀಕ್ಷೆ ಯಾಕೆ? ಇವ್ರಿಗೆ ತೊಂದ್ರೆ ಇರೋದು ತಲೇಲಿ."

"ನೀವು ಮಾಡ್ಸಿ, ಸಾಕು."

"ಡಾಕ್ಟ್ರು ಬರ್ಕೊಡ್ಬೇಕು. ಡಾಕ್ಟ್ರು ಬರೋದು ಗುರುವಾರ."

"ಇವತ್ತು ಸೋಮವಾರ."

"ಹೌದು. ಸೋಮವಾರ ಆದ್ಮೇಲೆ ಗುರುವಾರ ಬಂದೇ ಬರುತ್ತೆ."

ಹತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಜಗಳಗಳನ್ನು ಟೈಪು ಮಾಡಿದ್ದೇನೆ, ಆಡಿದ್ದಿಲ್ಲ. ಅವತ್ತು ಆಡಿದೆ. ಮೊಗಸಾಲೆಯ ಹಸಿರು ಬಾಗಿಲುಗಳ ಹಿಂದಿನಿಂದ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಹಗಲು ಪಾಳಿಯ ನರ್ಸು, ಕುಳ್ಳಗಿನ ಹೆಂಗಸು, ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಅಕ್ಕಾ, ಕೂಗ್ಬೇಡಿ. ಈ ಬಾಟ್ಲಿ ಹಿಡೀರಿ. ನಾನು ಅಜ್ಜಿದು ತೆಗ್ದುಕೊಡ್ತೀನಿ, ನೀವೇ ಹೊರಗಡೆ ಲ್ಯಾಬಿಗೆ ಕೊಡಿ. ನಂಗೂ ಎರಡು ದಿನದಿಂದ ಅನುಮಾನ, ಮೈ ಬಿಸಿ ಇದೆ. ನನ್ನ ಮಾತು ಯಾರು ಕೇಳ್ತಾರೆ ಇಲ್ಲಿ?"

ಸಂಜೆಗೆ ಫಲಿತಾಂಶ ಬಂತು. ಸೋಂಕು, ಕೀವು. ಕಾಗದ ಹಿಡಿದು ದೊಡ್ಡಾಸ್ಪತ್ರೆಗೆ ಓಡಿದೆ. ಅಲ್ಲಿನ ಡಾಕ್ಟರಮ್ಮ ಮಾರನೇ ದಿನ ಆರೈಕೆ ಮನೆಗೇ ಬಂದು ಅಮ್ಮನ ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ನೋಡಿದರು, ಔಷಧಿ ಬರೆದರು. ಹೂಜಿ ಎತ್ತಿಕೊಳ್ಳುವವರ ಹೆಸರು ಬರೆದಿಟ್ಟುಕೊಳ್ಳುತ್ತೇನೆ ಎಂದರು. "ವಯಸ್ಸಾದವರ ಮರೆವಿಗೆಲ್ಲ ಮೂತ್ರವೇ ಕಾರಣ ಅಂತಲ್ಲಮ್ಮ. ಆದ್ರೆ ನಿನ್ನೆ ಸರಿ ಇದ್ದೋರು ಇವತ್ತು ಹೀಗಾದ್ರೆ ಮೊದ್ಲು ಮೈ ನೋಡ್ಬೇಕು. ಯಾವಾಗ್ಲಿಂದ ಹೀಗೆ?" ಎಂದು ಕೇಳಿದರು. ಹೋದ ತಿಂಗಳ ಕೊನೇ ಶುಕ್ರವಾರ ಪದಬಂಧ ತುಂಬಿದ್ದಳು ಎಂದು ಈ ಸಲ ಹೇಳಿದೆ.

ಔಷಧಿ ಶುರುವಾಗಿ ಇವತ್ತಿಗೆ ನಾಲ್ಕನೇ ದಿನ. ಮಧ್ಯಾಹ್ನ ಹೋದೆ. ಕನ್ನಡಕ ಹಾಕಿಕೊಂಡು ಕೂತಿದ್ದಳು.

"ಇದು ಯಾರ ರೂಮು?" ಎಂದಳು.

"ನಿಂದೇ ಅಮ್ಮ, ಸದ್ಯಕ್ಕೆ."

"ನನ್ನದಾ? ನನ್ನ ರೂಮಿಗೆ ಹಿಡಿಕೆ ಇರುತ್ತೆ."

ಮೊಗಸಾಲೆಯಲ್ಲಿ ನಿಂತು ಅತ್ತೆ. ಸಂಜೆ ಹೊತ್ತಿಗೆ ಇನ್ನೂ ಸ್ವಲ್ಪ ಗೊಂದಲವಾಗುತ್ತದೆ, ಪೂರ್ತಿ ಸರಿಹೋಗಲು ಕೆಲವು ವಾರ ಬೇಕಂತೆ. ಆದರೆ ಮೇಲ್ವಿಚಾರಕಿ ಮನೆಗೆ ಕಳಿಸಲೊಪ್ಪುವುದಿಲ್ಲ. ಪ್ರಮಾಣಪತ್ರ ಇರುವವರೆಗೆ ಅಮ್ಮ ಹುಷಾರಾಗುವಂತಿಲ್ಲವಂತೆ!

ಅಲ್ಲಿಂದ ನೇರ ಆ ಆರು ನಿಮಿಷದ ಡಾಕ್ಟರ ಬಳಿ ಹೋದೆ. ಲ್ಯಾಬಿನ ಕಾಗದವನ್ನು ಅವರ ಮೇಜಿನ ಮೇಲೆ ಇಟ್ಟು, ಇದನ್ನು ನೀವು ಯಾಕೆ ನೋಡಲಿಲ್ಲ ಎಂದು ಕೇಳಿದೆ. ಅವರು ಫೈಲು ತೆಗೆದು ನನ್ನ ಕಡೆ ತಿರುಗಿಸಿದರು. ಏನೇನೋ ಬರೆದಿತ್ತು. ಅವರೊಡನೆ ವಾದ ಮಾಡುವುದರಲ್ಲಿ ಅರ್ಥವಿಲ್ಲವೆಂದು ಎದ್ದು ಬಂದೆ.

ಸಹಿ ಹಾಕಿದವಳು ನಾನು, ಹಾಗಾಗಿ ತಕರಾರು ನೀನೇ ಸಲ್ಲಿಸಬೇಕು, ಅರ್ಜಿಯನ್ನು ಬೇಗ ಕಳಿಸು. ಅಮ್ಮ ಫೆಬ್ರವರಿಯಲ್ಲಿ ಬರೆದ ಪತ್ರವನ್ನೂ ಜೊತೆಗಿಡು.

ತಂಗಿ

*

ಮಾರ್ಚ್ 21, ಶುಕ್ರವಾರ

ಗುಬ್ಬಿ,

ಅರ್ಜಿ ಇದರೊಂದಿಗಿದೆ, ಪತ್ರವೂ ಇದೆ. ಬೈದದ್ದೆಲ್ಲ ಸರಿಯಾಗಿಯೇ ತಲುಪಿದೆ, ನನ್ನ ಪಾಲಿನದನ್ನು ನಾನು ತೆಗೆದುಕೊಂಡೆ. ನಿನಗೆ ಕುರಿಗಳಿವೆ ಅಂದೆಯಲ್ಲ, ಅದು ಮಾತ್ರ ಇನ್ನೂ ಚುಚ್ಚುತ್ತಿದೆ.

ಅಮ್ಮ ಆ ಮನೆಯಿಂದ ಒಂದು ಕಾರ್ಡು ಬರೆದಿದ್ದಾಳೆ. ನರ್ಸಿನ ಕೈಲಿ ಅಂಚೆಗೆ ಹಾಕಿಸಿರಬೇಕು. ಅಕ್ಷರ ಸ್ವಲ್ಪ ನಡುಗಿದೆ, ಮಾತು ನಡುಗಿಲ್ಲ. "ನನ್ನನ್ನು ಇಲ್ಲಿ ಇಟ್ಟವರು ಯಾರೆಂದು ಯಾರೂ ಹೇಳುತ್ತಿಲ್ಲ. ನಿನ್ನ ತಂಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿಲ್ಲ. ಹಾಗಾಗಿ ಗೊತ್ತಾಯಿತು."

ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ನೀನು ಮನುಷ್ಯರ ಕೆಮ್ಮನ್ನೂ ಬಿಡದೆ ಟೈಪು ಮಾಡುವವಳು. ಫೈಲಿನಲ್ಲಿ "ಏನೇನೋ" ಬರೆದಿತ್ತು ಎಂದು ನೀನು ಬರೆಯುವವಳಲ್ಲ. ಏನು ಬರೆದಿತ್ತು?

ಅಣ್ಣ

*

ಮಾರ್ಚ್ 29, ಶನಿವಾರ

ಅಣ್ಣಾ,

ಬರೆದಿದ್ದದ್ದು ಇಷ್ಟು: "ಒಂದು ವರ್ಷದಿಂದ ಕ್ರಮೇಣ ಹೆಚ್ಚುತ್ತಿರುವ ಮರೆವು. ಮಗಳ ಹೇಳಿಕೆ."

ಅವರು "ಯಾವಾಗಿನಿಂದ?" ಎಂದು ಕೇಳಿದ್ದರು. ಅದು ಅವರು ಕೇಳಬೇಕಾದ ಪ್ರಶ್ನೆಯೇ. ನಾನು ಎರಡು ದಿನದಿಂದ ಎನ್ನಲಿಲ್ಲ. ಒಂದು ವರ್ಷದಿಂದ ಎಂದೆ, ಗ್ರ್ಯಾಜುಯಲ್ ಎಂದೆ. ಇಂಗ್ಲಿಷಿನಲ್ಲಿ ಹೇಳಿದರೆ ನಮ್ಮನ್ನು ಬೇರೆ ಥರ ನೋಡುತ್ತಾರೆಂದು ನಮ್ಮ ಶಾಲೆಯಲ್ಲಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬಂತು.

ಯಾಕೆ ಹಾಗೆಂದೆ ಎಂದು ಮೂರು ವಾರದಿಂದ ಕೇಳಿಕೊಳ್ಳುತ್ತಿದ್ದೇನೆ. ಹೋದ ವರ್ಷ ಎರಡು ಸಲ ಅವಳು ಒಲೆ ಆರಿಸಲು ಮರೆತಿದ್ದಳು, ನಿಜ. ನಾನು ಐದು ಸಲ ಮರೆತಿದ್ದೇನೆ. ಎರಡು ರಾತ್ರಿ ನಿದ್ದೆಯಿರಲಿಲ್ಲ, ನಿಜ. ಆದರೆ ತಳದಲ್ಲಿರುವುದು ಬೇರೆ. ಎರಡು ದಿನದಿಂದ ಎಂದಿದ್ದರೆ ಅವರು, ಕಾದು ನೋಡೋಣ, ಮನೆಗೆ ಕರೆದುಕೊಂಡು ಹೋಗಿ ಅನ್ನುತ್ತಿದ್ದರೇನೋ. ನನಗೆ ಕರೆದುಕೊಂಡು ಹೋಗುವುದು ಬೇಡವಾಗಿತ್ತು. ಉಗಿಸಿಕೊಂಡ ಮುಖ ಇನ್ನೂ ಉರಿಯುತ್ತಿತ್ತು. ಯಾರಾದರೂ ಅವಳನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿ ಎಂದು ಅನ್ನಿಸಿತ್ತು. ತೆಗೆದುಕೊಂಡರು.

ಹಾಗೆಂದು ಆ ಡಾಕ್ಟರನ್ನು ನಾನು ಬಿಡುವುದಿಲ್ಲ. ನನ್ನ ಸುಳ್ಳು ನನ್ನದು, ಅವರ ಆರು ನಿಮಿಷ ಅವರದು. ಮಗಳು ಏನೇ ಹೇಳಲಿ, ಎದುರಿಗೆ ಕೂತವಳ ಹಣೆ ಮುಟ್ಟಿ ನೋಡಿದ್ದರೆ ಜ್ವರ ತಾನಾಗಿ ಹೇಳುತ್ತಿತ್ತು. ಎಂಬತ್ತು ದಾಟಿದ ಹೆಂಗಸು ಏನೇ ಅಂದರೂ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅವಳು ಮೂವತ್ತೊಂದು ವರ್ಷ ಮೂತ್ರ ತಡೆದು ಊರಿಗೆಲ್ಲ ಮಾತು ಜೋಡಿಸಿದಳು. ಅವಳಿಗೆ ಏನಾಗಿದೆ ಎಂದು ಅವಳನ್ನೇ ಕೇಳಿದವರು ಒಬ್ಬರೂ ಇಲ್ಲ. ನಾನೂ ಕೇಳಲಿಲ್ಲ.

ತಕರಾರು ಸಮಿತಿಯ ಗುಮಾಸ್ತರಿಗೆ ಫೋನು ಮಾಡಿ ವಿಚಾರಿಸಿದೆ. ಹೌದು, ಫೋನಿನಲ್ಲೇ, ಎಲ್ಲವನ್ನೂ ಹೇಳಿದೆ. ನಿನ್ನ ಅರ್ಜಿ, ಅಮ್ಮನ ಪತ್ರ, ಲ್ಯಾಬಿನ ಕಾಗದ, ಡಾಕ್ಟರಮ್ಮನ ಟಿಪ್ಪಣಿ ಎಲ್ಲ ಇದ್ದರೂ ಫೈಲಿನಲ್ಲಿ ಮಗಳ ಹೇಳಿಕೆ ಹಾಗೇ ಇದ್ದರೆ ಪ್ರಮಾಣಪತ್ರ ರದ್ದಾಗುವುದಿಲ್ಲವಂತೆ. ಒಂದು ವರ್ಷದ ಮರೆವು, ಮೇಲೆ ಒಂದು ಸೋಂಕು, ಅಷ್ಟೇ ಎನ್ನುತ್ತಾರಂತೆ. ಹೇಳಿಕೆ ಕೊಟ್ಟವಳೇ ಅದು ಸುಳ್ಳೆಂದು ಬರೆದುಕೊಟ್ಟರೆ ರದ್ದಾಗುತ್ತದೆ. ಕೋರ್ಟಿನ ಶಿರಸ್ತೇದಾರರನ್ನೂ ಕೇಳಿದೆ. ನ್ಯಾಯಾಲಯದ ಸ್ಟೆನೋಗ್ರಾಫರು ಸುಳ್ಳು ಹೇಳಿಕೆ ಕೊಟ್ಟೆನೆಂದು ತಾನೇ ಬರೆದರೆ ಅದು ಸೇವಾ ಪುಸ್ತಕಕ್ಕೆ ಹೋಗುತ್ತದೆ, ವಿಚಾರಣೆಯೂ ಆಗಬಹುದು ಎಂದರು. "ಯಾಕಮ್ಮಾ ಕೈಯಾರೆ ಮಾಡ್ಕೊಳ್ತೀರಿ? ವಯಸ್ಸಾದೋರು, ಇವತ್ತಲ್ಲ ನಾಳೆ ಅಲ್ಲಿಗೇ ಹೋಗೋರು," ಎಂದೂ ಅಂದರು. ಒಳ್ಳೆಯ ಮನುಷ್ಯರು, ಕನಿಕರದಿಂದಲೇ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಬರೆದೆ. ಟೈಪು ಮಾಡಲಿಲ್ಲ, ಕೈಯಲ್ಲೇ ಬರೆದೆ. ಮಧ್ಯಾಹ್ನ ಅಮ್ಮನ ಬಳಿ ಒಯ್ದು ಓದಿ ಹೇಳಿದೆ.

"ಒಂದು ವರ್ಷ ಅಂತ ಯಾಕಂದೆ?"

"ಸುಸ್ತಾಗಿತ್ತಮ್ಮ."

"ಸುಸ್ತಾದ್ರೆ ನೀನು ಮಲಗ್ಬೇಕು ಕಣೇ. ನನ್ನನ್ನ ಮಲಗ್ಸೋದಲ್ಲ."

ನಾನು ತಲೆ ತಗ್ಗಿಸಿದೆ. "ಕ್ಷಮಿಸ್ತೀನಿ ಅಂತ ಈಗ್ಲೇ ಹೇಳಲ್ಲ," ಎಂದಳು. "ಸಿಟ್ಟು ಇದೆ. ಇರ್ಲಿ ಬಿಡು, ಸಿಟ್ಟು ಇದ್ದಷ್ಟು ದಿನ ಮರೆವು ಇಲ್ಲ ಅಂತ ಅವ್ರಿಗೂ ಗೊತ್ತಾಗ್ಲಿ." ಆಮೇಲೆ ಹೇಳಿಕೆಯನ್ನು ಕಸಿದು ಕನ್ನಡಕ ಏರಿಸಿ ತಾನೇ ಓದಿದಳು. ನಾಲ್ಕು ಗಂಟೆಯ ಹೂಜಿಯ ವಿಷಯ ನಾನು ಬರೆದಿರಲಿಲ್ಲ, ಅದನ್ನು ಸೇರಿಸಲು ಹೇಳಿದಳು. ಪಕ್ಕದ ಕೋಣೆಯ ಹೆಂಗಸಿಗೂ ಮೂರು ದಿನದಿಂದ ಚಳಿ ಇದೆ, ಅದನ್ನೂ ಬರೆ ಎಂದಳು. ಬರೆದೆ. ನರ್ಸಿಗೂ ಹೇಳಿದೆ, ಅವಳು ಆಗಲೇ ಬಾಟಲಿ ಹಿಡಿದು ಹೊರಟಳು.

ಕೆಳಗೆ ಅಮ್ಮ ತನ್ನ ಸಹಿ ಹಾಕಿದಳು. ಬುದ್ಧಿ ಸ್ಥಿಮಿತವಿಲ್ಲವೆಂದು ಪ್ರಮಾಣಪತ್ರವಿರುವವಳ ಸಹಿಗೆ ಬೆಲೆಯಿಲ್ಲವೆಂದು ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು ಹೇಳಿದಳು. "ಬೆಲೆ ಇಲ್ದಿದ್ರೆ ನಿನಗೇನು ಹೊಟ್ಟೆಯುರಿ, ನಾನು ಹಾಕ್ಕೊಳ್ತೀನಿ ಬಿಡು," ಎಂದಳು ಅಮ್ಮ.

ಏಪ್ರಿಲ್ 7ರೊಳಗೆ ಅದು ಸಮಿತಿಯ ಕೈ ಸೇರಬೇಕು. ರಿಜಿಸ್ಟರ್ ಅಂಚೆಗೆ ಆರು ದಿನ ಎನ್ನುತ್ತಾರೆ. ನಾಳೆ ಭಾನುವಾರ. ನಾಳೆಯಿಡೀ ನನಗೆ ಮನಸ್ಸು ಬದಲಿಸಲು ಸಮಯವಿದೆ, ನನ್ನನ್ನು ನಾನು ಬಲ್ಲೆ. ಅದಕ್ಕೇ ಈ ಪತ್ರವನ್ನು ನಿನಗೆ ಈಗಲೇ ಬರೆಯುತ್ತಿದ್ದೇನೆ, ಹೇಳಿಕೆಯ ಪ್ರತಿಯನ್ನೂ ಇದರೊಳಗೆ ಇಟ್ಟಿದ್ದೇನೆ. ಒಂದು ಲಕೋಟೆ ಸಮಿತಿಗೆ, ಒಂದು ನಿನಗೆ; ಇದು ನಿನ್ನ ಕೈ ಸೇರಿದರೆ ಅದೂ ಹೊರಟಿತೆಂದೇ ತಿಳಿ. ಎರಡನ್ನೂ ಒಟ್ಟಿಗೆ ಅಂಚೆಗೆ ಹಾಕುವುದು ಮಾರ್ಚ್ 31, ಸೋಮವಾರ.